ದೋಣಿಯ ಒಡಲೊಳಗಿನ ಎಂಜಿನ್

ಹಳೆಯ ಯಂತ್ರದೋಣಿಗಳಲ್ಲಿ ಎಂಜಿನ್ ದೋಣಿಯ ಒಡಲೊಳಗೇ ಇರುತ್ತದೆ. ನಾರ್ವೆಯಂತಹ ಶೀತದೇಶಗಳಲ್ಲಿ ಅದರ ಕಾವೇ ಕೋಣೆಯನ್ನೂ ಬೆಚ್ಚಗಿಡುವುದುಂಟು. ಎಂಜಿನ್ನಿನೊಳಗೆ ಹರಿದು ಬಿಸಿಯಾದ ಸಿಹಿನೀರು ಕೋಣೆಯ ಹೀಟರಿಗೆ ಬಂದು, ಕಾವನ್ನಿತ್ತು ಹಿಂದಿರುಗುತ್ತದೆ. ಆ ನೀರನ್ನು ತಂಪಾಗಿಡುವುದು ಪಂಪು ಸೆಳೆದುಕೊಳ್ಳುವ ಕಡಲನೀರು.

ಆದುದರಿಂದ ಹೀಟರು ತಣ್ಣಗಾದರೆ ಅದನ್ನು ಚಳಿಯ ತೊಂದರೆಯೆಂದಷ್ಟೇ ಬಗೆಯಬಾರದು. ಎಂಜಿನ್ನಿನ ಉಷ್ಣತೆ ಸರಿಯಾಗಿದ್ದರೆ, ಹೀಟರಿನ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಹೀಟರು ತಣ್ಣಗಾಗಿ ಎಂಜಿನ್ ಮಿತಿಮೀರಿ ಕಾದರೆ, ಒಳಗಿನ ಸಿಹಿನೀರು ಸೋರಿ ಕಡಮೆಯಾಗಿರುವ ಸಂಭವವುಂಟು. ಎರಡೂ ಮಿತಿಮೀರಿ ಕಾದರೆ, ಕಡಲನೀರಿನ ಜಾಲರಿಯಲ್ಲಿ ಕಸ ಕಟ್ಟಿರಬಹುದು. ಇಲ್ಲವೆ ಪಂಪಿನ ರಬ್ಬರು ಚಕ್ರ ಸವೆದಿರಬಹುದು.

ಎಂಜಿನ್ನನ್ನು ನಿಲ್ಲಿಸಿ, ಅದು ಆರಿದ ಮೇಲೆಯೇ ನೀರಿನ ಮುಚ್ಚಳವನ್ನು ತೆರೆಯಬೇಕು. ಮೊದಲೇ ತೆರೆದರೆ ಚಿಮ್ಮುವ ಹಬೆ ಮೈಯನ್ನು ಸುಟ್ಟೀತು. ನಡುಗಡಲಿನಲ್ಲಿ ನೆರವು ದುರ್ಲಭ. ದಡ ಬಿಡುವ ಮುನ್ನವೇ ಪರೀಕ್ಷಿಸುವುದು ಲೇಸು.