ರೋಗಕ್ಕೆ ಮುನ್ನ ಬೀಳುವ ಮುದ್ರೆ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ನಿಡುಗಲ್ಲೆಂಬ ಪುರಾತನ ಗಿರಿದುರ್ಗವಿದೆ. ಚೋಳವಂಶದವರೆಂದು ಹೇಳಿಕೊಂಡ ಅರಸರು ಒಂದು ಕಾಲದಲ್ಲಿ ಅಲ್ಲಿಂದ ನಾಡನ್ನಾಳಿದರು. ಇಂತಹ ಸ್ಥಳಗಳ ಕಲ್ಬರಹಗಳಲ್ಲಿ ಎಷ್ಟೋ ಅಕ್ಷರಗಳು ಮಳೆಗಾಳಿಗೆ ಸವೆದು ಬರಿಗಣ್ಣಿಗೆ ಕಾಣದಂತಾಗಿರುತ್ತವೆ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮೇಲೆ ಮಸಿ ಸವರಿ ಅಚ್ಚು ತೆಗೆದರೆ ಅವು ಮೂಡಿ ಬರುತ್ತವೆ. ಈ ಜಿಲ್ಲೆಯ ಶಾಸನಗಳ ಸಂಪುಟವನ್ನು ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದರು.

ಮನುಷ್ಯನ ಒಡಲಿನಲ್ಲಿಯೂ ಇಂತಹುದೊಂದು ಬರಹವುಂಟು. ಅದರ ಕಾಣದ ಗುರುತುಗಳನ್ನು ಓದಿ, ಜಠರ ಮತ್ತು ಕರುಳುಗಳ ಕ್ಯಾನ್ಸರನ್ನು ಮೊದಲೇ ಅರಿಯುವ ವಿದ್ಯೆ ಈಗ ವೈದ್ಯರ ಕೈಗೆ ಬರುತ್ತಿದೆ.

ದೇಹದ ಜೀವಕೋಶಗಳಲ್ಲಿರುವ ಡಿ.ಎನ್.ಎ. ಎಂಬ ಎಳೆಯ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ೧೯೫೩ರಲ್ಲಿ ವಿವರಿಸಿದರು. ನಾಲ್ಕೇ ಅಕ್ಷರಗಳಲ್ಲಿ ಬರೆದ ಈ ಗ್ರಂಥದ ಉದ್ದ ಸುಮಾರು ಮುನ್ನೂರು ಕೋಟಿ ಅಕ್ಷರಗಳು. ಕಣ್ಣಿನ ಕೋಶದಲ್ಲಿಯೂ ಕರುಳಿನ ಕೋಶದಲ್ಲಿಯೂ ಇರುವುದು ಒಂದೇ ಗ್ರಂಥ. ಆದರೂ ಕಣ್ಣು ಕಣ್ಣಾಗಿಯೂ ಕರುಳು ಕರುಳಾಗಿಯೂ ಇರುವುದೇಕೆ? ಒಂದೊಂದು ಅಂಗವೂ ತನಗೆ ಬೇಕಾದ ಪುಟಗಳನ್ನು ಮಾತ್ರ ಓದುತ್ತದೆ. ಓದಬಾರದ ಪುಟಗಳ ಮೇಲೆ ಪ್ರಕೃತಿ ಒತ್ತುವ ಮುದ್ರೆಗಳಲ್ಲಿ ಮೀಥೈಲ್ ಮುಖ್ಯವಾದುದು. ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಈ ಗುಂಪು ‘ಸಿ’ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅಕ್ಷರ ಅಳಿಯುವುದಿಲ್ಲ; ಓದು ನಿಲ್ಲುತ್ತದೆ.

ಮುದ್ರೆ ತಪ್ಪಿದರೆ ಅನರ್ಥ. ಕೆಲವು ಗಂತಿಗಳ ಕೋಶಗಳಲ್ಲಿ ಈ ಮುದ್ರೆಗಳು ಕಡಮೆಯಾಗಿರುವುದನ್ನು ಅಮೆರಿಕದ ಫೈನ್‌ಬರ್ಗ್ ಮತ್ತು ವೋಗೆಲ್‌ಸ್ಟೈನ್ ೧೯೮೩ರಲ್ಲಿ ತೋರಿಸಿದರು. ಇನ್ನೊಂದೆಡೆ, ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಜೀನುಗಳ ಮೇಲೆ ಬೇಡದ ಮುದ್ರೆ ಬೀಳುವುದೂ ಆಮೇಲೆ ತಿಳಿದುಬಂದಿತು. ಕಡಿವಾಣ ಕಳಚಿದ ಕುದುರೆಯಂತೆ ಆ ಕೋಶ ಬೆಳೆಯತೊಡಗುತ್ತದೆ. ಜಠರದಲ್ಲಿ ನೆಲೆಸಿ ಹುಣ್ಣು ಹುಟ್ಟಿಸುವ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯ ದೆಸೆಯಿಂದಲೂ ಜಠರದ ಒಳಪೊರೆಯಲ್ಲಿ ಇಂತಹ ಮುದ್ರೆಗಳು ಹೆಚ್ಚುವುದನ್ನು ಜಪಾನಿನ ವಿಜ್ಞಾನಿಗಳು ಕಂಡರು. ಗಂತಿ ಕಣ್ಣಿಗೆ ಬೀಳುವ ಮುನ್ನವೇ ಮುದ್ರೆ ಬಿದ್ದಿರಬಹುದು ಎಂಬುದೇ ಇಲ್ಲಿಯ ಮುಖ್ಯ ಸಂಗತಿ.

ಈ ಮುದ್ರೆಯನ್ನು ಓದುವುದು ಹೇಗೆ? ಶಾಸನಕ್ಕೆ ಮಸಿಯ ಅಚ್ಚು ಇದ್ದಂತೆ ಇದಕ್ಕೂ ಒಂದು ಉಪಾಯವುಂಟು. ಡಿ.ಎನ್.ಎ.ಯನ್ನು ಬೈಸಲ್ಫೈಟ್ ದ್ರಾವಣದಲ್ಲಿಟ್ಟರೆ ಮುದ್ರೆಯಿಲ್ಲದ ‘ಸಿ’ ಬೇರೊಂದು ಅಕ್ಷರವಾಗಿ ಮಾರ್ಪಡುತ್ತದೆ. ಮುದ್ರೆ ಹೊತ್ತದ್ದು ಹಾಗೆಯೇ ಉಳಿಯುತ್ತದೆ. ಆಸ್ಟ್ರೇಲಿಯದ ಮರಿಯಾನ್ ಫ್ರಾಮರ್ ಮತ್ತು ಸಂಗಡಿಗರು ೧೯೯೨ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಗಂತಿಯಿಂದ ಉದುರಿದ ಕೋಶಗಳ ಚೂರುಗಳು ಮಲದಲ್ಲಿಯೂ ರಕ್ತದಲ್ಲಿಯೂ ಸೇರುವುದರಿಂದ, ಹೊಟ್ಟೆ ಕೊಯ್ಯದೆಯೇ ಪರೀಕ್ಷೆ ಸಾಧ್ಯವಾಯಿತು. ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಮುದ್ರೆಗಳನ್ನೂ ನೋಡುವ ಮಲಪರೀಕ್ಷೆಗೆ ಅಮೆರಿಕದಲ್ಲಿ ೨೦೧೪ರಲ್ಲಿ, ರಕ್ತಪರೀಕ್ಷೆಗೆ ೨೦೧೬ರಲ್ಲಿ ಒಪ್ಪಿಗೆ ದೊರೆಯಿತು. ೨೦೨೪ರಲ್ಲಿ ಮತ್ತೊಂದು ರಕ್ತಪರೀಕ್ಷೆಯೂ ಬಂದಿತು.

ಹಾಗೆಂದು ಇದು ಸರ್ವಜ್ಞ ವಿದ್ಯೆಯಲ್ಲ. ಸುಮಾರು ಹತ್ತು ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ ೨೦೧೪ರ ಮಲಪರೀಕ್ಷೆಯು ನೂರು ಕ್ಯಾನ್ಸರುಗಳಲ್ಲಿ ೯೨ನ್ನು ಗುರುತಿಸಿತು. ಆದರೆ ಮುಂದೆ ಕ್ಯಾನ್ಸರಾಗಬಹುದಾದ ಬಲಿತ ಮೊಳಕೆಗಳಲ್ಲಿ ನೂರಕ್ಕೆ ೪೨ ಮಾತ್ರ ಸಿಕ್ಕವು. ರೋಗವಿಲ್ಲದ ಕೆಲವರಿಗೂ ‘ಉಂಟು’ ಎಂದು ಹೇಳಿತು. ಆದುದರಿಂದ ‘ಉಂಟು’ ಎಂದಾಗ ನಳಿಕೆಯಿಂದ ಕರುಳಿನ ಒಳಗನ್ನು ನೋಡುವ ಕೊಲನೋಸ್ಕೋಪಿ ಆಗಲೇಬೇಕು. ‘ಇಲ್ಲ’ ಎಂದಾಗಲೂ, ದೇಹ ಬೇರೆ ಸೂಚನೆ ಕೊಡುತ್ತಿದ್ದರೆ ನಿಶ್ಚಿಂತೆ ಸಲ್ಲದು.

ಆ ಸೂಚನೆಗಳಾದರೂ ಯಾವುವು? ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ವಾರಗಟ್ಟಲೆ ಬಿಡದ ಅಜೀರ್ಣ, ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ. ಮನೆಯ ಹಿರಿಯರು ರಕ್ತ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ಸಂಕೋಚದಿಂದ ಯಾರಿಗೂ ಹೇಳದೆ ಕಾಲ ಕಳೆಯುವುದುಂಟು. ನೋವು ತಾಳಲಾರದೆ ಪಾವಗಡದ ಕಡೆಯಿಂದ ಬಸ್ಸು ಹತ್ತಿ, ಮಧುಗಿರಿಯನ್ನು ಹಾಯ್ದು, ೧೯೭೩ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯನ್ನು ಮುಟ್ಟುವ ವೇಳೆಗೆ ರೋಗ ಬಲಿತಿದ್ದರೆ, ಎಂತಹ ನಿಪುಣ ವೈದ್ಯನಿಗೂ ಕೆಲಸ ಕಠಿಣ. ಅದೇ ರೋಗಿ ಮೊದಲೇ ಬಂದಿದ್ದರೆ ಗುಣವಾಗುವ ಸಂಭವ ಎಷ್ಟೋ ಹೆಚ್ಚು.

ಹೊಸ ಪರೀಕ್ಷೆ ಊರೂರಿಗೆ ಬರುವ ತನಕ ಕಾಯಬೇಕಾಗಿಲ್ಲ. ಮಲದಲ್ಲಿ ಅಡಗಿದ ರಕ್ತವನ್ನು ಹುಡುಕುವ ಹಳೆಯ, ಅಗ್ಗದ ಪರೀಕ್ಷೆಯೂ ಎಷ್ಟೋ ಜೀವಗಳನ್ನು ಉಳಿಸಬಲ್ಲದು. ನಿಡುಗಲ್ಲಿನ ಶಾಸನ ಓದುವವನಿಗಾಗಿ ಶತಮಾನಗಳ ಕಾಲ ಕಾದೀತು. ಕರುಳಿನ ಬರಹ ಕಾಯುವುದಿಲ್ಲ. ಸಂಕೋಚ ಬಿಟ್ಟು ಮನೆಯವರೊಡನೆ ಒಂದು ಮಾತು, ವೈದ್ಯರೊಡನೆ ಒಂದು ಮಾತು: ಅಲ್ಲಿಂದಲೇ ಚಿಕಿತ್ಸೆಯ ಆರಂಭ.