ಅನ್ಯರ ಹೆಸರಿನ ಓಲೆ

ಚಂದ್ರಹಾಸನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಲಕ್ಷ್ಮೀಶನ ಕಾವ್ಯವನ್ನು ಓದದವರೂ ಅದನ್ನು ಯಕ್ಷಗಾನದ ಬಯಲಿನಲ್ಲಿಯೋ ಅಜ್ಜಿಯ ಮಡಿಲಿನಲ್ಲಿಯೋ ಕೇಳಿರುತ್ತಾರೆ. ಮಂತ್ರಿ ದುಷ್ಟಬುದ್ಧಿಯು ತನ್ನ ಮಗ ಮದನನಿಗೆ ಓಲೆಯೊಂದನ್ನು ಬರೆದು, ಯಾರನ್ನು ಕೊಲ್ಲಿಸಬೇಕೋ ಅವನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ಉಪವನದಲ್ಲಿ ಮಲಗಿ ನಿದ್ರಿಸುತ್ತಿದ್ದ ಚಂದ್ರಹಾಸನ ಬಳಿಯಿದ್ದ ಆ ಓಲೆಯನ್ನು ಮಂತ್ರಿಯ ಮಗಳು ವಿಷಯೆ ಬಿಚ್ಚಿ ಓದುತ್ತಾಳೆ. ‘ವಿಷ’ವನ್ನು ಕೊಡಬೇಕೆಂದಿದ್ದ ಕಡೆ ಅಕ್ಷರವೊಂದನ್ನು ತಿದ್ದಿ ‘ವಿಷಯೆ’ಯನ್ನು ಕೊಡಬೇಕೆಂದು ಮಾಡುತ್ತಾಳೆ. ಮರಣವಾಗಬೇಕಾದುದು ಮದುವೆಯಾಗುತ್ತದೆ. ಅಕ್ಷರದ ಮಹಿಮೆಗೆ ಉದಾಹರಣೆಯೆಂದು ನಾವು ಈ ಕಥೆಯನ್ನು ಹೇಳುತ್ತ ಬಂದಿದ್ದೇವೆ. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆಯೂ ಅಡಗಿದೆ. ತನ್ನ ಹೆಸರಿಗೆ ಬಾರದ ಓಲೆ ಕೈಸೇರಿದಾಗ ಮನುಷ್ಯನ ಕರ್ತವ್ಯವೇನು?

ಈ ಪ್ರಶ್ನೆ ಒಂದು ಕಾಲದಲ್ಲಿ ಕಥೆಗೇ ಮೀಸಲಾಗಿತ್ತೆನ್ನಬಹುದು. ಇ-ಮೇಲ್ ಬಂದ ಮೇಲೆ ಅದು ನಿತ್ಯದ ಪ್ರಶ್ನೆಯಾಗಿದೆ.

ಕಾಗದದ ಅಂಚೆಯಲ್ಲಿ ವಿಳಾಸ ತಪ್ಪುತ್ತಿರಲಿಲ್ಲವೆಂದಲ್ಲ. ಧಾರಾಳವಾಗಿ ತಪ್ಪುತ್ತಿತ್ತು. ಆದರೆ ಬರೆದ ವಿಳಾಸಕ್ಕೂ ಸೇರಬೇಕಾದ ಮನೆಗೂ ನಡುವೆ ಅಂಚೆಯವನಿದ್ದ. ಬೀದಿಯ ಹೆಸರು ತಪ್ಪಿದ್ದರೂ, ಇನಿಷಿಯಲ್ಲು ಅದಲುಬದಲಾಗಿದ್ದರೂ, “ಇದು ಶ್ಯಾನುಭೋಗರ ಎರಡನೆಯ ಮಗನಿಗೆ ಬಂದ ಕಾಗದವೇ ಹೊರತು ಮೇಷ್ಟರಿಗೆ ಬಂದುದಲ್ಲ” ಎಂದು ಅವನಿಗೆ ತಿಳಿಯುತ್ತಿತ್ತು. ಅವನಿಗೂ ತಿಳಿಯದಿದ್ದರೆ ಷರಾ ಬರೆದು ಹಿಂದಕ್ಕೆ ಕಳುಹಿಸುತ್ತಿದ್ದ. ಕಳುಹಿಸಿದವರ ವಿಳಾಸವೂ ಇಲ್ಲದ ಕಾಗದಗಳಿಗಾಗಿ ಅಮೆರಿಕದಲ್ಲಿ 1825ರಲ್ಲಿಯೇ ‘ಮೃತಪತ್ರಗಳ ಕಚೇರಿ’ಯೊಂದು ಹುಟ್ಟಿಕೊಂಡಿತು. ಹರ್ಮನ್ ಮೆಲ್ವಿಲ್ 1853ರಲ್ಲಿ ಬರೆದ ‘ಬಾರ್ಟ್ಲ್‌ಬಿ’ ಎಂಬ ಕಥೆಯ ನಾಯಕ ಮೊದಲು ಅಂಥ ಕಚೇರಿಯಲ್ಲಿ ಗುಮಾಸ್ತನಾಗಿದ್ದನೆಂಬ ವದಂತಿಯೊಂದಿಗೆ ಆ ಕಥೆ ಮುಗಿಯುತ್ತದೆ. ಯಾರನ್ನೂ ಸೇರದ ಕಾಗದಗಳ ನಡುವೆ ದಿನಗಳೆದವನ ಮನಸ್ಸು ಬತ್ತಿಹೋದುದರಲ್ಲಿ ಆಶ್ಚರ್ಯವೇನು ಎಂಬುದು ಕಥೆಗಾರನ ಇಂಗಿತ.

ನಮ್ಮ ದೇಶದಲ್ಲಿ ಈ ತೊಡಕು ಇನ್ನೂ ಹೆಚ್ಚಿನದು. ಎಷ್ಟು ಹೊಸಹಳ್ಳಿಗಳು! ಎಷ್ಟು ರಾಂಪುರಗಳು! ಅದೂ ಹತ್ತಾರು ಲಿಪಿಗಳಲ್ಲಿ! ಇದನ್ನು ನಿವಾರಿಸಲೆಂದೇ 1972ರ ಆಗಸ್ಟ್ 15ರಂದು ಆರಂಕಿಯ ಪಿನ್ ಕೋಡ್ ಜಾರಿಗೆ ಬಂದಿತು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದರೆಂಬುದು ಸ್ವಾರಸ್ಯದ ಸಂಗತಿ. ಗಣಗಳನ್ನು ಎಣಿಸಿ ಬಲ್ಲವರು ಊರುಗಳನ್ನೂ ಎಣಿಕೆಗೆ ತಂದರು. ಅಂಕಿ ತಪ್ಪಿದರೆ ಹೆಸರು, ಹೆಸರು ತಪ್ಪಿದರೆ ಅಂಕಿ, ಎರಡೂ ತಪ್ಪಿದರೆ ಅಂಚೆಯವನು: ಹೀಗೆ ಕಾಗದಕ್ಕೆ ಮೂರು ಆಸರೆಗಳಿದ್ದವು.

ಇ-ಮೇಲಿಗೆ ಇರುವುದು ಒಂದೇ ಆಸರೆ. 1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಅಮೆರಿಕದ ತಂತ್ರಜ್ಞ ಒಂದೇ ಕೋಣೆಯಲ್ಲಿದ್ದ ಎರಡು ಕಂಪ್ಯೂಟರುಗಳ ನಡುವೆ ಜಾಲದ ಮೂಲಕ ಮೊದಲ ಸಂದೇಶವನ್ನು ಕಳುಹಿಸಿದ. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು, ಯಾರ ಹೆಸರಿನಲ್ಲಿಯೂ ಬಾರದ ‘ಅಟ್’ ಚಿಹ್ನೆಯನ್ನು ಆರಿಸಿಕೊಂಡ. ವ್ಯಾಪಾರಿಗಳು ಲೆಕ್ಕದ ಪುಸ್ತಕದಲ್ಲಿ ದರವನ್ನು ಬರೆಯಲು ಬಳಸುತ್ತಿದ್ದ ಗುರುತು ಲೋಕದ ವಿಳಾಸವಾಯಿತು. ಈ ಅಂಚೆಯಲ್ಲಿ ಯಂತ್ರವು ಕೇಳುವುದು ಒಂದೇ ಮಾತು: “ಇಂಥ ವಿಳಾಸ ಉಂಟೋ ಇಲ್ಲವೋ?” ಇಲ್ಲವಾದರೆ ಓಲೆ ಹಿಂದಿರುಗುತ್ತದೆ. ಉಂಟಾದರೆ ಅಲ್ಲಿಗೆ ಸೇರುತ್ತದೆ. ಅಲ್ಲಿರುವವನು ಉದ್ದೇಶಿಸಿದವನೇ ಎಂದು ವಿಚಾರಿಸುವವರಿಲ್ಲ. ಹಾಗಾಗಿ ವಿಳಾಸವನ್ನು ಪೂರ್ತಿ ತಪ್ಪಾಗಿ ಬರೆದವನು ಬಚಾವಾಗುತ್ತಾನೆ. ಒಂದಕ್ಷರ ಮಾತ್ರ ತಪ್ಪಿದವನು ಕೆಡುತ್ತಾನೆ. ಆ ಒಂದಕ್ಷರದ ಆಚೆ ಬೇರೊಬ್ಬ ಮನುಷ್ಯ ಕುಳಿತಿರುತ್ತಾನೆ.

ಕೆಲವು ಸಲ ಆ ಮನುಷ್ಯ ನಾನೇ ಆಗಿರುತ್ತೇನೆ. ನನ್ನ ಹೆಸರು ಕನ್ನಡನಾಡಿನ ಯಾವ ಊರಿನ ಚೌಕದಲ್ಲಿ ನಿಂತು ಕೂಗಿದರೂ ಇಬ್ಬರು ಮೂವರು ಓಗೊಡುವಂಥದು. ಇ-ಮೇಲ್ ಇನ್ನೂ ಹೊಸದಾಗಿದ್ದಾಗ, ಹೆಸರು ಮತ್ತು ಒಂದೇ ಇನಿಷಿಯಲ್ಲಿನ ಚಿಕ್ಕ ವಿಳಾಸ ನನಗೆ ದೊರೆಯಿತು. ಅನಂತರ ಬಂದ ನಾಮಧಾರಿಗಳು ಅದಕ್ಕೆ ಅಂಕಿಗಳನ್ನೂ ಊರಿನ ಅಕ್ಷರಗಳನ್ನೂ ಅಂಟಿಸಿಕೊಳ್ಳಬೇಕಾಯಿತು. ಅವಸರದಲ್ಲಿ ಆ ಬಾಲ ಉದುರಿದರೆ ಓಲೆ ನನ್ನಲ್ಲಿಗೆ ಬರುತ್ತದೆ. ನಮ್ಮ ಹೆಸರುಗಳ ಸ್ವಭಾವವೇ ಇದಕ್ಕೆ ಅನುಕೂಲವಾಗಿದೆ. ಹಳೆಯ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರುಗಳು ಒಂದೊಂದು ಅಕ್ಷರವಾಗಿ ಮುಂದೆ ಕುಳಿತರೆ, ಉತ್ತರದಲ್ಲಿ ಮನೆತನದ ಅಡ್ಡಹೆಸರು ಹಿಂದೆ ನಿಲ್ಲುತ್ತದೆ. ಅರ್ಜಿಯ ನಮೂನೆಯಾದರೋ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಪಟ್ಟುಹಿಡಿಯುತ್ತದೆ. ರೋಮನ್ ಲಿಪಿಯಲ್ಲಿ ‘ಮಂಜುನಾಥ’ನಿಗೆ ‘ಟಿ’ ಒಂದೇ ಸಾಕೆ, ‘ಎಚ್’ ಸೇರಬೇಕೆ, ಕೊನೆಗೊಂದು ‘ಎ’ ಬೇಕೆ ಎಂಬುದು ಬರೆಯುವವರ ಇಚ್ಛೆ. ಸಾಲದುದಕ್ಕೆ, ಜಿ-ಮೇಲಿನಲ್ಲಿ ಹೆಸರಿನ ನಡುವಣ ಚುಕ್ಕಿಗೆ ಬೆಲೆಯೇ ಇಲ್ಲ. ಚುಕ್ಕಿಯಿದ್ದ ವಿಳಾಸವೂ ಇಲ್ಲದ ವಿಳಾಸವೂ ಒಬ್ಬನಿಗೇ ಸೇರುತ್ತವೆ. ಚುಕ್ಕಿಯಿಂದ ತಾನು ಬೇರೆಯವನಾದೆನೆಂದು ನಂಬಿದವನ ಓಲೆಗಳು ಇನ್ನೊಬ್ಬನ ಪೆಟ್ಟಿಗೆಯಲ್ಲಿ ಬೀಳುತ್ತಿರುತ್ತವೆ.

ಹೀಗೆ ಬಂದವುಗಳಲ್ಲಿ ಬಂಗಾರದ ಸಾಲದ ಬಡ್ಡಿಯ ನೋಟೀಸುಗಳಿವೆ, ಮದುವೆಯ ಕರೆಯೋಲೆಗಳಿವೆ, ನಾನು ಕಾಣದ ಹೊಲವೊಂದಕ್ಕೆ ಕೊಂಡ ಪಂಪಿನ ಬಿಲ್ಲಿದೆ. “ನಿಮ್ಮ ಮಗಳು ಇಂದು ಶಾಲೆಗೆ ಬಂದಿಲ್ಲ” ಎಂಬ ಒಂದು ಸಾಲೂ ಇದೆ. ಮೊದಲನೆಯವನ್ನು ನೋಡಿ ನಕ್ಕವನಿಗೆ ಈ ಕೊನೆಯದು ನಗು ತರಲಿಲ್ಲ. ಜ್ವರವೋ, ಬಸ್ಸು ತಪ್ಪಿತೋ. ತಿಳಿಯಬೇಕಾದ ತಂದೆಗೆ ತಿಳಿಯದೆ ನನಗೆ ತಿಳಿಯಿತು.

ಕೆಲವು ಓಲೆಗಳ ಅಡಿಯಲ್ಲಿ ಉದ್ದನೆಯ ಎಚ್ಚರಿಕೆಯೊಂದು ಇರುತ್ತದೆ: ಈ ಪತ್ರ ತಮ್ಮನ್ನು ಉದ್ದೇಶಿಸಿದುದಲ್ಲವಾದರೆ ಓದಕೂಡದು, ಅಳಿಸತಕ್ಕದ್ದು. ಪತ್ರವನ್ನೆಲ್ಲ ಓದಿ ಮುಗಿಸಿದವನಿಗೆ, ಓದಬಾರದಿತ್ತೆಂದು ಕೊನೆಯಲ್ಲಿ ತಿಳಿಸುವ ಈ ಸೌಜನ್ಯಕ್ಕೆ ಏನೆನ್ನೋಣ?

ಇದು ಬಡವರ ಮನೆಯ ತೊಡಕು ಮಾತ್ರವಲ್ಲ, ದೊರೆಗಳದೂ ಹೌದು. 2014ರ ನವೆಂಬರಿನಲ್ಲಿ ಬ್ರಿಸ್ಬೇನಿನ ಜಿ-20 ಸಮ್ಮೇಳನಕ್ಕೆ ಬರಲಿದ್ದ 31 ನಾಯಕರ ಪಾಸ್‌ಪೋರ್ಟು ಸಂಖ್ಯೆ ಮೊದಲಾದ ವಿವರಗಳನ್ನು ಆಸ್ಟ್ರೇಲಿಯದ ಅಧಿಕಾರಿಯೊಬ್ಬರು ಏಷ್ಯಾ ಕಪ್ ಫುಟ್ಬಾಲಿನ ಸಂಘಟಕರಿಗೆ ಕಳುಹಿಸಿಬಿಟ್ಟರು. ಎರಡಕ್ಷರ ಬರೆದೊಡನೆ ವಿಳಾಸವನ್ನು ತಾನೇ ಪೂರ್ತಿ ಮಾಡುವ ಯಂತ್ರದ ಉಪಕಾರವಿದು. ಆ ಪಟ್ಟಿಯಲ್ಲಿ ನಮ್ಮ ಪ್ರಧಾನಿಯವರ ಹೆಸರೂ ಇದ್ದಿತು. ಅಮೆರಿಕದ ಸೇನೆಯ ವಿಳಾಸಗಳು ‘ಎಂ-ಐ-ಎಲ್’ ಎಂದು ಕೊನೆಗೊಂಡರೆ ಪಶ್ಚಿಮ ಆಫ್ರಿಕದ ಮಾಲಿ ದೇಶದವು ‘ಎಂ-ಎಲ್’ ಎಂದು ಕೊನೆಗೊಳ್ಳುತ್ತವೆ. ಮಾಲಿಯ ವಿಳಾಸಗಳನ್ನು ನಿರ್ವಹಿಸುತ್ತಿದ್ದ ಡಚ್ಚರೊಬ್ಬರು 2023ರ ಜನವರಿಯಿಂದ ಕೆಲವೇ ತಿಂಗಳುಗಳಲ್ಲಿ, ಒಂದು ‘ಐ’ಕಾರ ಬಿಟ್ಟುಹೋಗಿ ಬಂದ ಸುಮಾರು 1,17,000 ಓಲೆಗಳನ್ನು ಕಂಡರು. ಅಮೆರಿಕದ ಭೂಸೇನೆಯ ಮುಖ್ಯಸ್ಥರ ಪ್ರವಾಸದ ವಿವರವೂ ಅವುಗಳಲ್ಲಿತ್ತು. ಅವರು ವರ್ಷಗಳಿಂದ ಎಚ್ಚರಿಸುತ್ತ ಬಂದಿದ್ದರು.

ಎಲ್ಲಕ್ಕಿಂತ ಘೋರವಾದುದು 2022ರ ಫೆಬ್ರವರಿಯದು. ತಾಲಿಬಾನಿಗೆ ಹೆದರಿ ಬ್ರಿಟನ್ನಿನಲ್ಲಿ ಆಶ್ರಯ ಕೋರಿದ್ದ ಸುಮಾರು 19,000 ಆಫ್ಘನ್ನರ ವಿವರಗಳಿದ್ದ ಪಟ್ಟಿಯನ್ನು, ಕೆಲವೇ ಜನರ ವಿವರವಿದೆಯೆಂದು ಭಾವಿಸಿ, ಆ ದೇಶದ ರಕ್ಷಣಾ ಇಲಾಖೆಯವರೊಬ್ಬರು ಹೊರಗಿನವರಿಗೆ ಇ-ಮೇಲಿನಲ್ಲಿ ಕಳುಹಿಸಿದರು. ಸುದ್ದಿ ಬಹಿರಂಗವಾದುದು 2025ರ ಜುಲೈಯಲ್ಲಿ. ಪಟ್ಟಿಯಲ್ಲಿದ್ದವರ ಪಾಲಿಗೆ ಅದು ತಮ್ಮ ಹೆಸರನ್ನು ಹೊತ್ತು ತಿರುಗಿದ ವಿಷದ ಓಲೆ. ತಿದ್ದಲು ಅಲ್ಲಿ ವಿಷಯೆ ಇರಲಿಲ್ಲ.

ಹಾಗಾದರೆ ಓಲೆ ಕೈಸೇರಿದವನು ಏನು ಮಾಡಬೇಕು? ಅಳಿಸಿ ಸುಮ್ಮನಾಗುವುದು ಸುಲಭ. ನ್ಯಾಯದ ದೃಷ್ಟಿಯಿಂದ ಅದರಲ್ಲಿ ದೋಷವೂ ಇಲ್ಲ. ಜಾಹೀರಾತಿಗೂ ರಸೀದಿಗೂ ಅದೇ ಸಾಕು. ಆದರೆ ಒಮ್ಮೆ ಅನ್ಯರೊಬ್ಬರ ಸಂದರ್ಶನದ ಕರೆ ನನ್ನ ಪೆಟ್ಟಿಗೆಗೆ ಬಂದಿತು. ಉಪನ್ಯಾಸಕನ ಕೆಲಸ, ಉಳಿದಿದ್ದುದು ಮೂರೇ ದಿನ. ವಿಳಾಸ ತಪ್ಪಿದೆಯೆಂದು ಉತ್ತರ ಬರೆದರೆ, “ಈ ವಿಳಾಸಕ್ಕೆ ಉತ್ತರಿಸಬೇಡಿ” ಎಂಬ ಯಾಂತ್ರಿಕವಾದ ಮಾರುತ್ತರ ಬಂದಿತು. ಆ ಕಚೇರಿಯ ದೂರವಾಣಿ ಸಂಖ್ಯೆಯನ್ನು ಹುಡುಕಿ ಕರೆ ಮಾಡಿದೆ. “ತಾವು ಬರುವುದಿಲ್ಲವೆಂದು ಬರೆದುಕೊಳ್ಳಲೇ ಸ್ವಾಮಿ?” ಎಂದು ಗುಮಾಸ್ತರು ಕೇಳಿದರು! ನಾನು ಅವನಲ್ಲವೆಂದು ಅವರಿಗೆ ಮನಗಾಣಿಸುವ ಹೊತ್ತಿಗೆ ಕಾಲು ಗಂಟೆ ಹಿಡಿಯಿತು. ಕೊನೆಗೆ ಅವರು ಅರ್ಜಿಯನ್ನು ತೆಗೆಸಿ ನೋಡಿ, ಅಭ್ಯರ್ಥಿಯ ಮೊಬೈಲಿಗೇ ತಿಳಿಸುವುದಾಗಿ ಹೇಳಿದರು. ಆ ಅಪರಿಚಿತನಿಗೆ ಕೆಲಸ ದೊರೆಯಿತೋ ಇಲ್ಲವೋ ನಾನರಿಯೆ. ಅರಿಯುವ ಹಕ್ಕೂ ನನಗಿಲ್ಲ. ಅವನಿಗೆ ಬಾಗಿಲು ತೆರೆದಿರಬೇಕಾಗಿತ್ತು, ಅಷ್ಟೆ.

ಇಷ್ಟಕ್ಕೂ ಈಗ ಒಂದು ಅಡ್ಡಿ ಬಂದೊದಗಿದೆ. ದಾರಿ ತಪ್ಪಿ ಬಂದ ಓಲೆಯ ವೇಷದಲ್ಲಿ ವಂಚಕರೂ ಬರುತ್ತಾರೆ. “ಕ್ಷಮಿಸಿ, ತಪ್ಪಾಗಿ ಬಂದಿತು” ಎಂದು ಮಾತಿಗೆ ತೊಡಗಿ, ಸ್ನೇಹ ಬೆಳೆಸಿ, ಗಂಟು ಕದಿಯುವವರಿದ್ದಾರೆ. ಆದ್ದರಿಂದ ಓಲೆಯೊಳಗಿನ ಕೊಂಡಿಗಳನ್ನು ಒತ್ತದೆ, ಅದರಲ್ಲಿ ಕೊಟ್ಟ ಸಂಖ್ಯೆಯನ್ನು ನಂಬದೆ, ಕಚೇರಿಯ ನಂಬರನ್ನು ಬೇರೆ ಕಡೆಯಿಂದ ತಿಳಿದುಕೊಳ್ಳುವುದು ವಿವೇಕ. ಕಳುಹಿಸುವವರಾದರೂ ವಿಳಾಸ ಅವರದೇ ಎಂಬುದನ್ನು ಮೊದಲು ಒಂದು ಬರಿಯ ಸಂದೇಶದಿಂದ ಖಚಿತಪಡಿಸಿಕೊಂಡು, ಆಮೇಲೆ ಗುಟ್ಟಿನ ಮಾತನ್ನು ಬರೆಯಬಹುದಷ್ಟೆ. ಅದಕ್ಕೆ ಬೇಕಾದ ಕಾಲ ಅರ್ಧ ನಿಮಿಷ.

ಅಂಚೆಯವನು ಮಾಡುತ್ತಿದ್ದ ಕೆಲಸವನ್ನು ಯಂತ್ರವು ಯಾರಿಗೂ ಹೇಳದೆ ನಮ್ಮ ಹೆಗಲಿಗೆ ದಾಟಿಸಿದೆ. ಸಂಬಳವಿಲ್ಲ, ಹಬ್ಬದ ಇನಾಮೂ ಇಲ್ಲ. ಆದರೂ ತನ್ನದಲ್ಲದ ಓಲೆಯನ್ನು ಕೈಯಲ್ಲಿ ಹಿಡಿದವನು, ಅದು ಸೇರಬೇಕಾದವನು ಎಲ್ಲೋ ಕಾಯುತ್ತಿದ್ದಾನೆಂಬುದನ್ನು ಅರೆಕ್ಷಣ ನೆನೆದರೆ, ಊರಿನ ಹಳೆಯ ಅಂಚೆಯವನಿಗೆ ಗೊತ್ತಿದ್ದಷ್ಟು ಧರ್ಮ ನಮಗೂ ಗೊತ್ತಿದೆಯೆಂದಾಗುತ್ತದೆ.