ದೆವ್ವವಿಲ್ಲದ ದ್ವೀಪದ ಭಯ

ಭಯದ ಸಿನಿಮಾ ಎಂದೊಡನೆ ನೆನಪಾಗುವುದು ಅಮಾವಾಸ್ಯೆಯ ಕತ್ತಲು, ಪಾಳುಬಂಗಲೆ, ಕಿರ್ರೆನ್ನುವ ಬಾಗಿಲು. ಇವೊಂದೂ ಇಲ್ಲದೆ, ಹಾಡು ಕುಣಿತಗಳ ನಡುವೆ, ಹಾಡಹಗಲಿನಲ್ಲೇ ಪ್ರೇಕ್ಷಕರ ಎದೆ ನಡುಗಿಸಿದ ಚಿತ್ರವೊಂದಿದೆ. ಅದು 1973ರಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ದಿ ವಿಕರ್ ಮ್ಯಾನ್’. ರಾಬಿನ್ ಹಾರ್ಡಿ ಅದರ ನಿರ್ದೇಶಕರು. ಚಿತ್ರಕಥೆ ಆಂಥೊನಿ ಶಾಫರ್ ಅವರದು.

ಕಾಣೆಯಾದ ಬಾಲಕಿಯೊಬ್ಬಳನ್ನು ಹುಡುಕಿಕೊಂಡು ಪೊಲೀಸ್ ಸಾರ್ಜೆಂಟ್ ಹೋವಿ ಸ್ಕಾಟ್ಲೆಂಡಿನ ಒಂಟಿ ದ್ವೀಪವೊಂದಕ್ಕೆ ಬರುತ್ತಾನೆ. ಸಮ್ಮರ್‌ಐಲ್ ಎಂಬುದು ಆ ಕಾಲ್ಪನಿಕ ದ್ವೀಪದ ಹೆಸರು. ಸೇಬು ಅಲ್ಲಿನ ಜೀವಾಳ. ಅಂಥ ಹುಡುಗಿಯೇ ಇಲ್ಲ ಎನ್ನುತ್ತಾರೆ ಜನ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಆಕೆಯ ಹೆಸರಿದೆ. ಹಿಂದಿನ ವರ್ಷ ಸೇಬಿನ ಬೆಳೆ ಕೈಕೊಟ್ಟಿತ್ತು. ಆದ್ದರಿಂದ ಹುಡುಗಿಯನ್ನು ಬಲಿ ಕೊಡಲಿದ್ದಾರೆ ಎಂದು ಕಟ್ಟಾ ಕ್ರೈಸ್ತನಾದ ಹೋವಿ ತೀರ್ಮಾನಿಸುತ್ತಾನೆ. ಅವನ ಊಹೆ ಅರ್ಧ ಸರಿ. ಬಲಿ ನಿಜ, ಆದರೆ ಬಲಿಪಶು ಅವನೇ. ಕಡ್ಡಿಗಳಿಂದ ಹೆಣೆದ ದೈತ್ಯ ಮಾನವಾಕೃತಿಯೊಳಗೆ ಅವನನ್ನು ಕೂಡಿಹಾಕಿ ಬೆಂಕಿ ಇಡುತ್ತಾರೆ.

ಈ ಆಕೃತಿಯ ಮೂಲ ಬಹಳ ಹಳೆಯದು. ಇಂದಿನ ಫ್ರಾನ್ಸ್ ಪ್ರದೇಶವನ್ನು ಗೆದ್ದ ಜೂಲಿಯಸ್ ಸೀಸರ್, ಅಲ್ಲಿನ ಗಾಲ್ ಜನ ಇಂಥ ಹೆಣಿಗೆಯ ಆಕೃತಿಗಳಲ್ಲಿ ಮನುಷ್ಯರನ್ನು ತುಂಬಿ ಸುಡುತ್ತಿದ್ದರೆಂದು ಬರೆದ. ಗೆದ್ದವನು ಸೋತವರ ಬಗ್ಗೆ ಬರೆದ ಮಾತದು. ಉತ್ಖನನಗಳಲ್ಲಿ ಅದಕ್ಕೆ ನೇರ ಸಾಕ್ಷ್ಯ ಸಿಕ್ಕಿಲ್ಲ.

ಹಾಗಾದರೆ ಈ ದ್ವೀಪದವರು ಆದಿಕಾಲದ ಮೂಢನಂಬಿಕೆಯನ್ನು ಬಿಡದೆ ಉಳಿಸಿಕೊಂಡ ಮುಗ್ಧರೇ? ಅಲ್ಲ. ಚಿತ್ರದ ತಿರುಳಿರುವುದು ಇಲ್ಲಿಯೇ. ಕ್ರಿಸ್ಟೋಫರ್ ಲೀ ನಟಿಸಿದ ಜಮೀನ್ದಾರನೇ ಗುಟ್ಟು ಬಿಚ್ಚುತ್ತಾನೆ. ಅವನ ಅಜ್ಜ ಕೃಷಿ ವಿಜ್ಞಾನಿ. 1868ರಲ್ಲಿ ದ್ವೀಪವನ್ನು ಕೊಂಡು ಹೊಸ ತಳಿಯ ಹಣ್ಣಿನ ಗಿಡಗಳನ್ನು ನೆಡಿಸಿದ. ಸೋತು ಕೈಚೆಲ್ಲಿ ಕುಳಿತಿದ್ದ ಜನರನ್ನು ದುಡಿಮೆಗೆ ಹಚ್ಚಲು ಹಳೆಯ ದೇವತೆಗಳನ್ನು ಮತ್ತೆ ತಂದು ಕೂರಿಸಿದ. ಬೆಳೆ ಬಂತು, ಜನ ನಂಬಿದರು. ಜಮೀನ್ದಾರನ ಅನುಕೂಲಕ್ಕೆಂದು ಬಂದದ್ದು ಮೂರು ತಲೆಮಾರಿನಲ್ಲಿ ಸನಾತನ ಸಂಪ್ರದಾಯವಾಯಿತು.

ಚಿತ್ರದ ವಸಂತವೂ ಇಂಥದ್ದೇ ಎಂಬುದು ವಿಚಿತ್ರ. ಕತೆ ನಡೆಯುವುದು ಮೇ ತಿಂಗಳ ಹಬ್ಬದ ಹೊತ್ತಿಗೆ. ಚಿತ್ರೀಕರಣ ನಡೆದದ್ದು 1972ರ ಶರತ್ಕಾಲದ ಚಳಿಯಲ್ಲಿ, ಸ್ಕಾಟ್ಲೆಂಡಿನಲ್ಲಿ. ಬೋಳು ಕೊಂಬೆಗಳಿಗೆ ಕೃತಕ ಹೂ ಕಟ್ಟಿ ವಸಂತವನ್ನು ತೋರಿಸಿದರು.

ಸಾಯುವ ಮುನ್ನ ಹೋವಿ ಒಂದು ಮಾತು ಹೇಳುತ್ತಾನೆ: ಈ ನೆಲ ಸೇಬಿಗೆ ಹೇಳಿದ್ದಲ್ಲ, ನನ್ನನ್ನು ಸುಟ್ಟರೂ ಬೆಳೆ ಬಾರದು, ಮುಂದಿನ ವರ್ಷ ಈ ಜನ ಸುಡುವುದು ನಿಮ್ಮ ಒಡೆಯನನ್ನೇ. ಬೆಳೆ ಕೈಕೊಡುವುದಿಲ್ಲ ಎಂದಷ್ಟೇ ಜಮೀನ್ದಾರನ ಉತ್ತರ. ನಂಬಿಕೆಯನ್ನು ಬಿತ್ತಿದ ಮನೆತನಕ್ಕೂ ಅದರ ಮೇಲೆ ಹಿಡಿತ ಉಳಿದಿಲ್ಲ.

ನಿಕೊಲಸ್ ಕೇಜ್ ನಟಿಸಿದ ಮರುನಿರ್ಮಾಣ 2006ರಲ್ಲಿ ಬಂತು. ಮೂಲ ಚಿತ್ರದ ನಡುಕ ಅದಕ್ಕೆ ದಕ್ಕಲಿಲ್ಲ. ಮೂಲದ ಕೊನೆಯ ದೃಶ್ಯದಲ್ಲಿ ಜನ ನಗುತ್ತ, ಒಟ್ಟಾಗಿ ತೂಗುತ್ತ ಹಾಡುತ್ತಾರೆ. ಅವರಲ್ಲಿ ಯಾರಿಗೂ ಹೋವಿಯ ಮೇಲೆ ದ್ವೇಷವಿಲ್ಲ. ಇದು ತಪ್ಪು ಎನ್ನುವ ಒಂದೇ ಒಂದು ದನಿಯೂ ಅಲ್ಲಿಲ್ಲ. ದೆವ್ವಕ್ಕಿಂತ ದೊಡ್ಡ ಭಯ ಅದು.